ಒಂದು ಗರಿ, ಒಂದು ‘ಇಲ್ಲ’

ಕಿರಿಯ ಗೆಳೆಯರೇ,

ಕಳೆದ ತಿಂಗಳು ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ನಿಮ್ಮಲ್ಲಿ ಐದಾರು ಮಂದಿ ಬಂದಿದ್ದಿರಿ. ಕೇವಲ ಉಪ್ಪಿಟ್ಟು-ಕಾಫಿಗಾಗಿ ಬಂದಿರಲಿಲ್ಲ ಎಂಬುದು ನನಗೆ ಗೊತ್ತು. ಶನಿವಾರದ ಕನ್ನಡ ತರಗತಿಗೆ ಬರುವ ಮಕ್ಕಳ ಸಂಖ್ಯೆ ಇಳಿದಿದೆ, ಆದ್ದರಿಂದ ತರಗತಿ ನಿಲ್ಲಿಸಿ ಆ ಕೋಣೆಯನ್ನು ಸಮಾರಂಭಗಳಿಗೆ ಬಾಡಿಗೆಗೆ ಕೊಡೋಣ ಎಂಬ ಠರಾವು ಬಂತು. “ಎಲ್ಲರ ಒಪ್ಪಿಗೆ ಇದೆ ತಾನೆ?” ಎಂದು ವೇದಿಕೆಯಿಂದ ಕೇಳಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳ ಕೈ ಭುಜದವರೆಗೆ ಏರಿತು, ಅಲ್ಲೇ ಒಂದು ಕ್ಷಣ ನಿಂತಿತು, ಕೂದಲು ಸರಿಮಾಡಿಕೊಂಡಂತೆ ಮಾಡಿ ಕೆಳಗಿಳಿಯಿತು. ಠರಾವು ‘ಸರ್ವಾನುಮತದಿಂದ’ ಪಾಸಾಯಿತು.

ಮೆಟ್ಟಿಲಿಳಿಯುವಾಗ ಅವಳೇ ಕೇಳಿದಳು: “ಅಂಕಲ್, ನಾನೊಬ್ಳು ಬೇಡ ಅಂದಿದ್ರೆ ಏನಾಗ್ತಿತ್ತು?”

“ಏನೂ ಆಗ್ತಿರಲಿಲ್ಲಮ್ಮ” ಎಂದುಬಿಟ್ಟೆ. ಮನೆಗೆ ಬಂದ ಮೇಲೆ ನನ್ನ ಉತ್ತರ ನನಗೇ ಸರಿಬರಲಿಲ್ಲ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಸಲದ ಅಂಕಣದಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ನಿಮ್ಮನ್ನು ಸ್ವಲ್ಪ ದೂರ, ಕೆನಡಾ ದೇಶದ ಉತ್ತರಕ್ಕೆ ಕರೆದೊಯ್ಯಬೇಕು.

ಮನಿಟೋಬಾ ಪ್ರಾಂತದ ಈಶಾನ್ಯ ಮೂಲೆಯಲ್ಲಿ ರೆಡ್ ಸಕ್ಕರ್ ಲೇಕ್ ಎಂಬ ಪುಟ್ಟ ಊರಿದೆ. ವರ್ಷವಿಡೀ ತೆರೆದಿರುವ ರಸ್ತೆ ಅಲ್ಲಿಗಿಲ್ಲ. ಹೋಗಬೇಕಾದರೆ ಸಣ್ಣ ವಿಮಾನವೇ ಗತಿ; ಚಳಿಗಾಲದಲ್ಲಿ ಕೆರೆ-ಜೌಗುಗಳೆಲ್ಲ ಹೆಪ್ಪುಗಟ್ಟಿದಾಗ ಮಾತ್ರ ಕೆಲವು ವಾರ ಮಂಜಿನ ಮೇಲೆ ಲಾರಿಗಳು ಓಡುತ್ತವೆ. 1949ರಲ್ಲಿ ಆ ಊರಿನ ಮೂಲನಿವಾಸಿ ಕುಟುಂಬವೊಂದರಲ್ಲಿ ಎಲೈಜಾ ಹಾರ್ಪರ್ ಹುಟ್ಟಿದ. ಮನೆಮಾತು ಓಜಿ-ಕ್ರೀ. ಒಪ್ಪಂದದ ಹಕ್ಕುಗಳನ್ನು ಬಿಟ್ಟುಕೊಡದೆ ಕೆನಡಾದ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಅವಕಾಶ ಅವನ ಜನಕ್ಕೆ ಸಿಕ್ಕಿದ್ದು 1960ರಲ್ಲಿ. ಅಂದರೆ ಹುಡುಗನಿಗೆ ಹನ್ನೊಂದು ವರ್ಷವಾದಾಗ.

ಆ ಕಾಲದ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರದ ವಸತಿ ಶಾಲೆಗಳಿಗೆ ಒಯ್ಯುತ್ತಿದ್ದರು. ಸರ್ಕಾರದ ಹಣ, ಚರ್ಚುಗಳ ಆಡಳಿತ. ಮಕ್ಕಳ ಬಾಯಿಂದ ಮನೆಮಾತನ್ನು ಬಿಡಿಸುವುದೇ ಆ ಶಾಲೆಗಳ ಒಂದು ಗುರಿಯಾಗಿತ್ತು, ಆಡಿದವರಿಗೆ ಶಿಕ್ಷೆಯಾಗುತ್ತಿತ್ತು. ಒಟ್ಟು ಸುಮಾರು ಒಂದೂವರೆ ಲಕ್ಷ ಮಕ್ಕಳು ಅಲ್ಲಿ ಹಾದುಹೋದರು. ಎಲೈಜಾನೂ ಅವರಲ್ಲೊಬ್ಬ. ಇದಕ್ಕಾಗಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ.

ಓದು ಮುಗಿಸಿ ಊರಿಗೆ ಮರಳಿದ ಹಾರ್ಪರ್ 1978ರಲ್ಲಿ ಊರಿನ ಮುಖ್ಯಸ್ಥರಾದರು. 1981ರಲ್ಲಿ ರೂಪರ್ಟ್ಸ್‌ಲ್ಯಾಂಡ್ ಕ್ಷೇತ್ರದಿಂದ ಪ್ರಾಂತದ ವಿಧಾನಸಭೆಗೆ ಆರಿಸಿಬಂದರು. ಬ್ರಿಟಿಷ್ ರಾಜಸತ್ತೆಯೊಡನೆ ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳ ಪೈಕಿ ಆ ಸಭೆಯಲ್ಲಿ ಕುಳಿತ ಮೊದಲಿಗರು ಅವರು. ನಮ್ಮಲ್ಲಿ ಪರಿಶಿಷ್ಟ ಪಂಗಡಗಳಿಗೆ ಸಂವಿಧಾನವೇ ಸ್ಥಾನಗಳನ್ನು ಮೀಸಲಿಟ್ಟಿದೆ. ಅಲ್ಲಿ ಅಂಥ ಮೀಸಲಾತಿ ಇಲ್ಲ. ಕಾಡು, ಕೆರೆಗಳ ನಡುವೆ ಅಲ್ಲೊಂದು ಇಲ್ಲೊಂದು ಚದುರಿದ ಊರುಗಳಿಗೆ ಹಾರಿ ಹಾರಿ ಹೋಗಿ ಮತ ಕೇಳಬೇಕು. ಗೆದ್ದಮೇಲೂ ಐವತ್ತೇಳು ಮಂದಿಯ ಸಭೆಯಲ್ಲಿ ಒಬ್ಬ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. 1987ರಲ್ಲಿ ಪ್ರಧಾನಿ ಬ್ರಯಾನ್ ಮಲ್ರೋನಿ ಮತ್ತು ಹತ್ತು ಪ್ರಾಂತಗಳ ಮುಖ್ಯಮಂತ್ರಿಗಳು ಸೇರಿ ಸಂವಿಧಾನ ತಿದ್ದುಪಡಿಯ ಒಂದು ಒಡಂಬಡಿಕೆ ಮಾಡಿಕೊಂಡರು. ಅದರ ಹೆಸರು ಮೀಚ್ ಲೇಕ್. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತವನ್ನು ‘ವಿಶಿಷ್ಟ ಸಮಾಜ’ವೆಂದು ಮಾನ್ಯಮಾಡುವುದು ಅದರ ತಿರುಳು. ಆದರೆ ಇಂಗ್ಲಿಷರಿಗೂ ಫ್ರೆಂಚರಿಗೂ ಮೊದಲೇ ಆ ನೆಲದಲ್ಲಿದ್ದವರನ್ನು ಮಾತುಕತೆಗೆ ಕರೆದಿರಲಿಲ್ಲ. ಮನೆ ಭಾಗವಾಗುವಾಗ ಹಿರಿಯಣ್ಣನನ್ನು ಜಗಲಿಯಲ್ಲೇ ಕೂರಿಸಿದಂತೆ.

ಒಡಂಬಡಿಕೆಗೆ ಹತ್ತೂ ಪ್ರಾಂತಗಳ ಶಾಸನಸಭೆಗಳು ಮೂರು ವರ್ಷದೊಳಗೆ ಒಪ್ಪಿಗೆ ಕೊಡಬೇಕಿತ್ತು. ಕೊನೆಯ ದಿನ 1990ರ ಜೂನ್ 23. ಮನಿಟೋಬಾ ಇನ್ನೂ ಒಪ್ಪಿರಲಿಲ್ಲ. ಜೂನ್ ಆರಂಭದಲ್ಲಿ ದಿಲ್ಲಿಯಂಥ ಅವರ ರಾಜಧಾನಿ ಒಟ್ಟಾವಾದಲ್ಲಿ ಒಂದು ವಾರ ಬಾಗಿಲು ಹಾಕಿಕೊಂಡು ಚರ್ಚೆ ನಡೆಯಿತು. ಮನಿಟೋಬಾದ ಮೂರು ಪಕ್ಷಗಳ ನಾಯಕರೂ ‘ಆಗಲಿ’ ಎಂದು ಹಿಂತಿರುಗಿದರು. ಹಾರ್ಪರ್ ಅವರ ಪಕ್ಷದ ನಾಯಕರೂ ಅವರಲ್ಲಿ ಸೇರಿದ್ದರು.

ಆದರೆ ಆ ಪ್ರಾಂತದ ನಿಯಮದ ಪ್ರಕಾರ ಇಂಥ ಠರಾವಿಗೆ ಮೊದಲೇ ನೋಟಿಸು ಕೊಡಬೇಕು, ಸಾರ್ವಜನಿಕರ ಅಹವಾಲು ಕೇಳಬೇಕು. ಅಷ್ಟಕ್ಕೆಲ್ಲ ದಿನಗಳು ಉಳಿದಿರಲಿಲ್ಲ. ನಿಯಮವನ್ನು ಬದಿಗಿಡಬೇಕಾದರೆ ಒಂದೇ ದಾರಿ: ಸಭೆಯಲ್ಲಿರುವ ಪ್ರತಿಯೊಬ್ಬ ಸದಸ್ಯನೂ ಒಪ್ಪಬೇಕು. ಮೂಲನಿವಾಸಿ ಮುಖಂಡರು ಮತ್ತು ಕಾನೂನು ಬಲ್ಲವರು ಹಾರ್ಪರ್ ಜೊತೆ ಕುಳಿತು ಆ ನಿಯಮಾವಳಿಯನ್ನು ಸಾಲು ಸಾಲಾಗಿ ಓದಿದ್ದರು.

ಜೂನ್ 12ರಂದು ಎಲ್ಲರ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಬಂತು. ಹಾರ್ಪರ್ ಕೈಯಲ್ಲಿ ಹದ್ದಿನ ಗರಿಯೊಂದಿತ್ತು. ಅವರ ಜನಕ್ಕೆ ಅದು ಪವಿತ್ರ. ಮೆಲ್ಲನೆ ‘ಇಲ್ಲ’ ಎಂದರು. ಕೂಗಲಿಲ್ಲ, ಮೇಜು ಕುಟ್ಟಲಿಲ್ಲ, ಸಭಾತ್ಯಾಗ ಮಾಡಲಿಲ್ಲ. ಮುಂದಿನ ದಿನಗಳಲ್ಲೂ ಕೇಳಿದಾಗಲೆಲ್ಲ ಅದೇ ಗರಿ, ಅದೇ ‘ಇಲ್ಲ’. ಗಡುವು ಮುಗಿಯಿತು. ಮನಿಟೋಬಾದಲ್ಲಿ ಮತದಾನವೇ ನಡೆಯಲಿಲ್ಲ. ಅದನ್ನು ಕಂಡು ನ್ಯೂಫೌಂಡ್‌ಲ್ಯಾಂಡಿನ ಮುಖ್ಯಮಂತ್ರಿಯೂ ತಮ್ಮಲ್ಲಿನ ಮತದಾನ ಕೈಬಿಟ್ಟರು. ಮೂರು ವರ್ಷದ ಒಡಂಬಡಿಕೆ ಬಿದ್ದುಹೋಯಿತು.

ಇದರಿಂದ ಎಲ್ಲರಿಗೂ ಒಳ್ಳೆಯದೇ ಆಯಿತೆಂದು ನಾನು ಹೇಳುವುದಿಲ್ಲ. ಕ್ವಿಬೆಕ್ ಜನರಿಗೆ ಬಹಳ ನೋವಾಯಿತು. 1995ರಲ್ಲಿ ಅಲ್ಲಿ ನಡೆದ ಜನಮತಗಣನೆಯಲ್ಲಿ ದೇಶ ಒಡೆಯದೆ ಉಳಿದದ್ದು ಕೂದಲೆಳೆಯಲ್ಲಿ. ಕ್ವಿಬೆಕ್ ಮೇಲೆ ತಮಗೆ ದ್ವೇಷವಿಲ್ಲ, ತಮ್ಮ ಜನರನ್ನು ಹೊರಗಿಟ್ಟು ಸಂವಿಧಾನ ಬರೆಯುವುದಕ್ಕೆ ವಿರೋಧ ಎಂಬುದು ಹಾರ್ಪರ್ ನಿಲುವು. ಅದರ ಫಲ ಮುಂದಿನ ಮಾತುಕತೆಯಲ್ಲೇ ಕಂಡಿತು. 1992ರ ಷಾರ್ಲಟ್‌ಟೌನ್ ಒಡಂಬಡಿಕೆಗೆ ಮೂಲನಿವಾಸಿ ಮುಖಂಡರನ್ನೂ ಕರೆದು ಕೂರಿಸಿದರು. ಜನ ಅದನ್ನೂ ತಿರಸ್ಕರಿಸಿದರೆನ್ನಿ. ಆದರೆ ಅವರನ್ನು ಜಗಲಿಯಲ್ಲಿ ಕೂರಿಸುವ ಕಾಲ ಮುಗಿದಿತ್ತು. ಹಾರ್ಪರ್ 1993ರಲ್ಲಿ ಸಂಸತ್ತಿಗೆ ಗೆದ್ದರು, 1997ರಲ್ಲಿ ಸೋತರು, 2013ರ ಮೇ ತಿಂಗಳಲ್ಲಿ ತೀರಿಕೊಂಡರು. ಯಾವ ಸಭೆಯಲ್ಲಿ ‘ಇಲ್ಲ’ ಎಂದಿದ್ದರೋ ಅದೇ ವಿಧಾನಸಭೆಯ ಕಟ್ಟಡದಲ್ಲಿ ಅವರ ಪಾರ್ಥಿವ ಶರೀರವನ್ನು ಸಕಲ ಗೌರವದಿಂದ ದರ್ಶನಕ್ಕಿಟ್ಟರು. ಅದೇ ಸಭೆಯಲ್ಲಿ 2023ರಲ್ಲಿ ವಾಬ್ ಕಿನ್ಯೂ ಎಂಬ ಮೂಲನಿವಾಸಿ ಮುಖ್ಯಮಂತ್ರಿಯಾದರು.

ಕಥೆಗೆ ಇನ್ನೊಂದು ಬಾಲವಿದೆ, ಅದು ನಿಮಗೆ ಹೆಚ್ಚು ಹತ್ತಿರದ್ದು. ಪಕ್ಕದ ಆಂಟೇರಿಯೋ ಪ್ರಾಂತದ ಉತ್ತರದಲ್ಲಿ ಕೀವೆಟಿನೂಂಗ್ ಎಂಬ ಕ್ಷೇತ್ರವಿದೆ. ಹೆಸರಿನ ಅರ್ಥವೇ ‘ಉತ್ತರ’. ಸುಮಾರು 33 ಸಾವಿರ ಜನ, ಹೆಚ್ಚಿನವರು ಮೂಲನಿವಾಸಿಗಳು. ಅಲ್ಲಿಯ ಶಾಸಕ ಸೋಲ್ ಮಾಮಕ್ವಾ 2018ರಲ್ಲಿ ಮೊದಲು ಆಯ್ಕೆಯಾದವರು. ಅವರೂ ವಸತಿ ಶಾಲೆಯಲ್ಲಿ ಓದಿದವರೇ, ಅವರ ಮನೆಮಾತೂ ಓಜಿ-ಕ್ರೀ. ಆ ಶಾಸನಸಭೆಯಲ್ಲಿ ಇಂಗ್ಲಿಷ್, ಫ್ರೆಂಚ್ ಬಿಟ್ಟು ಬೇರೆ ಭಾಷೆಗೆ ಅವಕಾಶವಿರಲಿಲ್ಲ. ನಿಯಮ ಬದಲಾಯಿತು. 2024ರ ಮೇ 28ರಂದು ಮಾಮಕ್ವಾ ಎದ್ದು ನಿಂತು ತಮ್ಮ ಮಾತಿನಲ್ಲೇ ಭಾಷಣ ಮಾಡಿದರು. ಇಡೀ ಸಭೆ ಕಿವಿಗೆ ಯಂತ್ರ ಇಟ್ಟುಕೊಂಡು ಅನುವಾದ ಕೇಳಿತು. ಮೇಲೆ ಗ್ಯಾಲರಿಯಲ್ಲಿ ಅವರ ತಾಯಿ ಕುಳಿತಿದ್ದರು. ಆ ಯಂತ್ರದ ಹಂಗಿಲ್ಲದೆ ಮಗನ ಮಾತು ಅರ್ಥಮಾಡಿಕೊಂಡ ಕೆಲವರಲ್ಲಿ ಆಕೆಯೂ ಒಬ್ಬರು.

ನಮ್ಮ ಕಷ್ಟ ಅವರ ಕಷ್ಟದ ಮುಂದೆ ಏನೇನೂ ಅಲ್ಲ. ನಮ್ಮ ಬಾಯಿಂದ ಯಾರೂ ಕನ್ನಡ ಕಿತ್ತುಕೊಂಡಿಲ್ಲ. ನಾವಾಗಿಯೇ ಸ್ವಲ್ಪಸ್ವಲ್ಪವಾಗಿ ಕೆಳಗಿಡುತ್ತಿದ್ದೇವೆ. ಅದಕ್ಕೇ ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ.

ಮಗೂ, ನಮ್ಮ ಸಂಘದ ನಿಯಮ ಮನಿಟೋಬಾದ್ದಲ್ಲ. ಇಲ್ಲಿ ಬಹುಮತ ಸಾಕು. ನೀನೊಬ್ಬಳು ಬೇಡ ಎಂದಿದ್ದರೂ ಠರಾವು ಪಾಸಾಗುತ್ತಿತ್ತೇನೋ. ಆದರೆ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತ’ ಎಂದು ಬರೆಯಲು ಆಗುತ್ತಿರಲಿಲ್ಲ. ಯಾಕಮ್ಮ ಬೇಡ ಎಂದು ಯಾರಾದರೂ ಕೇಳುತ್ತಿದ್ದರು, ನೀನು ಹೇಳುತ್ತಿದ್ದೆ. ನಿನ್ನನ್ನು ಕಂಡು ಇನ್ನೊಂದು ಕೈ ಏರುತ್ತಿತ್ತು. ಆ ಇನ್ನೊಂದು ಕೈ ಯಾರದೆಂದು ನನಗೆ ಗೊತ್ತು. ಅದು ವೇದಿಕೆಯ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲೇ ಬಿದ್ದುಕೊಂಡಿದ್ದ ನನ್ನ ಕೈ. ಇಪ್ಪತ್ತು ವರ್ಷ ಆ ತರಗತಿಯಲ್ಲಿ ಕಲಿಸಿದವನು ನಾನು. ಸುಮ್ಮನಿದ್ದ ತಪ್ಪು ನಿನ್ನದಕ್ಕಿಂತ ನನ್ನದು ದೊಡ್ಡದು.

ವಿಷಯವನ್ನು ಮತ್ತೆ ಸಭೆಯ ಮುಂದಿಡಬೇಕೆಂದು ಕಾರ್ಯದರ್ಶಿಗಳಿಗೆ ಕಾಗದ ಬರೆದಿದ್ದೇನೆ. ಬರುವ ಭಾನುವಾರ ಸಂಜೆ ಸಂಘದ ವಾಚನಾಲಯದ ಮೇಜಿನ ಮೇಲೆ ಅದು ಇರುತ್ತದೆ. ನನ್ನ ಸಹಿ ಹಾಕಿದ್ದೇನೆ, ಕೆಳಗೆ ಜಾಗ ಬಿಟ್ಟಿದ್ದೇನೆ. ಓದಿ ನೋಡಿ. ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.