ಬಾತರ್ ಬತಾರ್ ಆದ ಬಗೆ: ಟೈರನೊಸಾರ್‌ಗಳ ನಾಮಕರಣ ಮತ್ತು ಕನ್ನಡದ ವಿಜ್ಞಾನ ಬರವಣಿಗೆ

1955ರಲ್ಲಿ ಸೋವಿಯತ್ ವಿಜ್ಞಾನಿ ಎವ್ಗೆನಿ ಮಲೇವ್ ಅವರು ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ದೊರೆತಿದ್ದ ದೈತ್ಯ ಮಾಂಸಾಹಾರಿ ಡೈನೊಸಾರ್ ಒಂದಕ್ಕೆ ಟೈರನೊಸಾರಸ್ ಬತಾರ್ ಎಂದು ಹೆಸರಿಟ್ಟರು. ಅವರು ಉದ್ದೇಶಿಸಿದ್ದ ಪದ ಮಂಗೋಲಿಯನ್ ಭಾಷೆಯ 'ಬಾತರ್', ಎಂದರೆ ವೀರ. ಉಲಾನ್‌ಬಾತರ್ ಎಂಬ ರಾಜಧಾನಿಯ ಹೆಸರಿನಲ್ಲಿರುವುದೂ ಇದೇ ಪದ. ತುರ್ಕಿ-ಮಂಗೋಲ್ ಭಾಷಾವಲಯದ ಇದೇ ಪದಮೂಲ ಪಾರಸಿಯ ಮೂಲಕ ಭಾರತಕ್ಕೆ ಬಂದು, ಕನ್ನಡದಲ್ಲಿ 'ಬಹಾದ್ದೂರ್' ಆಗಿ, ಮೈಸೂರು ಅರಸರ ಬಿರುದುಗಳಲ್ಲಿಯೂ ಸೇರಿಕೊಂಡಿತು. ಆದರೆ ಮಲೇವ್ ಅವರ ಲಿಪ್ಯಂತರದಲ್ಲಿ ಮೊದಲ ಅಕ್ಷರದ ದೀರ್ಘ ಎರಡನೆಯ ಅಕ್ಷರಕ್ಕೆ ಜಾರಿ, ಬಾತರ್ ಬತಾರ್ ಆಯಿತು. ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯು ಲಿಪ್ಯಂತರದ ದೋಷವನ್ನು ತಿದ್ದಬಹುದಾದ ಸ್ಖಾಲಿತ್ಯವೆಂದು ಎಣಿಸುವುದಿಲ್ಲ. ಹೀಗಾಗಿ ಆ ತಪ್ಪು ಇಂದಿಗೂ ಸಿಂಧುವಾಗಿದೆ.

ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಈ ನಿಯಮ ವಿಚಿತ್ರವಾಗಿ ತೋರಬಹುದು. ಓಲೆಗರಿಯಲ್ಲಿ ಲಿಪಿಕಾರನ ತಪ್ಪು ಕಂಡಾಗ ಸಂಪಾದಕನು ಪಾಠವನ್ನು ಶುದ್ಧಗೊಳಿಸಿ, ಮೂಲವನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆ. ಪ್ರಾಣಿನಾಮದ ವಿಷಯದಲ್ಲಿ ಹಾಗೆ ಮಾಡುವಂತಿಲ್ಲ. ಏಕೆಂದರೆ ಅಲ್ಲಿ ಹೆಸರು ಅರ್ಥವನ್ನು ಹೊರುವ ಪದವಲ್ಲ. ಒಂದು ನಿರ್ದಿಷ್ಟ ಎಲುಬಿಗೆ ಕಟ್ಟಿದ ಚೀಟಿ. ಆ ಎಲುಬನ್ನು ಹೋಲೋಟೈಪ್ ಎನ್ನುತ್ತಾರೆ. ಮುಂದೆ ದೊರೆಯುವ ಬೇರೆ ಎಲುಬುಗಳು ಅದೇ ಹೆಸರಿಗೆ ಸೇರುತ್ತವೆಯೇ ಇಲ್ಲವೇ ಎಂಬುದು ವಿದ್ವಾಂಸರ ತೀರ್ಮಾನಕ್ಕೆ ಬಿಟ್ಟದ್ದು. ಚೀಟಿ ಕದಲದು, ತೀರ್ಮಾನ ಬದಲಾಗಬಹುದು. ಮಲೇವ್ ಅವರ ಪ್ರಾಣಿಯನ್ನೇ ಇಂದು ಬಹುತೇಕ ವಿಜ್ಞಾನಿಗಳು ಟಾರ್ಬೊಸಾರಸ್ ಎಂಬ ಬೇರೆ ಕುಲಕ್ಕೆ ಸೇರಿಸುತ್ತಾರೆ. ಕುಲನಾಮ ಬದಲಾದರೂ 'ಬತಾರ್' ಉಳಿದುಕೊಂಡಿದೆ.

ಟೈರನೊಸಾರಸ್ ರೆಕ್ಸ್ ಎಂಬ ಪ್ರಖ್ಯಾತ ಹೆಸರಿನ ಹಿಂದೆಯೂ ಇಂಥ ಕಥೆಯಿದೆ. 1905ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್‌ಬೋರ್ನ್ ಒಂದೇ ಲೇಖನದಲ್ಲಿ ಟೈರನೊಸಾರಸ್ ರೆಕ್ಸ್ ಮತ್ತು ಡೈನಮೊಸಾರಸ್ ಇಂಪೀರಿಯೋಸಸ್ ಎಂಬ ಎರಡು ಹೆಸರುಗಳನ್ನು ಪ್ರಕಟಿಸಿದರು. ಎರಡೂ ಒಂದೇ ಪ್ರಾಣಿಯೆಂದು 1906ರಲ್ಲಿ ಅವರೇ ಒಪ್ಪಿ, ಮೊದಲನೆಯದನ್ನು ಉಳಿಸಿಕೊಂಡರು. ಅದಕ್ಕೂ ಮೊದಲು, 1892ರಲ್ಲಿ, ಎಡ್ವರ್ಡ್ ಕೋಪ್ ಅವರು ಸವೆದ ಕಶೇರುಮಣಿಗಳನ್ನು ನೋಡಿ ಮಾನೊಸ್ಪಾಂಡಿಲಸ್ ಗೈಗಾಸ್ ಎಂದು ಹೆಸರಿಸಿದ್ದೂ ಬಹುಶಃ ಇದೇ ಪ್ರಾಣಿ. ಹಳೆಯದಕ್ಕೇ ಆದ್ಯತೆಯೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದ್ದರೆ ರೆಕ್ಸ್ ಮಾಯವಾಗುತ್ತಿತ್ತು. ಆದರೆ 1899ರ ಬಳಿಕ ಸಿಂಧುವೆಂದು ಬಳಕೆಯಾಗದ ಹಳೆಯ ಹೆಸರನ್ನು ಬದಿಗಿರಿಸಿ, ರೂಢಿಯಲ್ಲಿರುವ ಹೆಸರನ್ನು ಕಾಪಾಡಲು 2000ದಲ್ಲಿ ಜಾರಿಗೆ ಬಂದ ಸಂಹಿತೆಯಲ್ಲಿ ಅವಕಾಶವಿದೆ. ರೂಢಿಗೆ ಶಾಸ್ತ್ರವು ಮಣಿಯುವುದು ಭಾಷಾಧ್ಯಯನದವರಿಗೆ ಹೊಸತೇನಲ್ಲ.

ಹೆಸರಿನ ತೀರ್ಮಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನ್ಯಾನೊಟಿರಾನಸ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 1942ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಕ್ಲೀವ್‌ಲೆಂಡ್ ವಸ್ತುಸಂಗ್ರಹಾಲಯದ ತಂಡಕ್ಕೆ ಒಂದು ಸಣ್ಣ ತಲೆಬುರುಡೆ ದೊರೆಯಿತು. ಚಾರ್ಲ್ಸ್ ಗಿಲ್ಮೋರ್ ಅವರ ಲೇಖನ 1946ರಲ್ಲಿ ಅದನ್ನು ಗೋರ್ಗೊಸಾರಸ್ ಕುಲಕ್ಕೆ ಸೇರಿಸಿತು. 1988ರಲ್ಲಿ ರಾಬರ್ಟ್ ಬಾಕರ್ ಮತ್ತು ಸಂಗಡಿಗರು ಅದಕ್ಕೆ ನ್ಯಾನೊಟಿರಾನಸ್ ಎಂಬ ಹೊಸ ಕುಲನಾಮ ಕೊಟ್ಟರು. ಅದು ಬೇರೆ ಪ್ರಾಣಿಯಲ್ಲ, ಟೈರನೊಸಾರಸ್ ರೆಕ್ಸ್‌ನ ಎಳೆಯ ವಯಸ್ಸಿನ ತಲೆ ಅಷ್ಟೇ ಎಂಬ ವಾದ 1999ರ ನಂತರ ಬಲಗೊಂಡು, ಬಹುಮತದ ಅಭಿಪ್ರಾಯವೇ ಆಯಿತು. 2001ರಲ್ಲಿ ಮೊಂಟಾನಾದಲ್ಲೇ ದೊರೆತ 'ಜೇನ್' ಎಂಬ ಅಸ್ಥಿಪಂಜರವೂ ರೆಕ್ಸ್‌ನ ಮರಿಯೆಂದೇ ಹಲವರಿಂದ ಪರಿಗಣಿತವಾಯಿತು. ರೆಕ್ಸ್ ಹೇಗೆ ಬೆಳೆಯುತ್ತಿತ್ತು ಎಂಬ ಅಧ್ಯಯನಗಳು ಅದನ್ನು ಆಧಾರವಾಗಿ ಬಳಸಿಕೊಂಡವು.

2025ರ ಅಕ್ಟೋಬರಿನಲ್ಲಿ ಲಿಂಡ್ಸೆ ಜ್ಯಾನೊ ಮತ್ತು ಜೇಮ್ಸ್ ನೆಪೋಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಬಹುಮತವನ್ನು ಅಲುಗಿಸಿತು. ಟ್ರೈಸೆರಾಟಾಪ್ಸ್ ಜೊತೆಯಲ್ಲೇ ಹೂತು ದೊರೆತಿದ್ದ ಸಣ್ಣ ಟೈರನೊಸಾರ್ ಒಂದರ ಮೂಳೆಯ ಬೆಳವಣಿಗೆಯ ಉಂಗುರಗಳನ್ನು ಪರಿಶೀಲಿಸಿದಾಗ ಅದು ಮರಿಯಲ್ಲ, ಸುಮಾರು 20 ವರ್ಷದ ಬಹುಮಟ್ಟಿಗೆ ಬೆಳೆದ ಪ್ರಾಣಿ ಎಂದು ತಿಳಿಯಿತು. ಬಾಲದ ಮಣಿಗಳ ಸಂಖ್ಯೆಯಂಥ, ವಯಸ್ಸಿನೊಂದಿಗೆ ಬದಲಾಗದ ಲಕ್ಷಣಗಳೂ ರೆಕ್ಸ್‌ಗೆ ಹೊಂದಲಿಲ್ಲ. ನ್ಯಾನೊಟಿರಾನಸ್ ಮತ್ತೆ ಸಿಂಧುವಾಯಿತು. ಜೇನ್ ಆ ಕುಲದ ಇನ್ನೊಂದು ಪ್ರಭೇದವೆಂದು ನಿರ್ಣಯಿಸಿ ನ್ಯಾನೊಟಿರಾನಸ್ ಲೀಥಿಯಸ್ ಎಂದು ಹೆಸರಿಸಲಾಯಿತು. ಗ್ರೀಕ್ ಪುರಾಣದ ಮರೆವಿನ ನದಿ ಲೀಥಿಯಿಂದ ಬಂದ ಹೆಸರಿದು. ಇಷ್ಟು ಕಾಲ ಎದುರಿಗಿದ್ದೂ ಗುರುತಾಗದ ಪ್ರಾಣಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಮತ್ತೊಂದು ಅಧ್ಯಯನವು ಕ್ಲೀವ್‌ಲೆಂಡಿನ ತಲೆಬುರುಡೆಯ ಗಂಟಲ ಮೂಳೆಯನ್ನೇ ಪರೀಕ್ಷಿಸಿ, ಹೋಲೋಟೈಪ್ ಕೂಡ ಮರಿಯದಲ್ಲವೆಂದು ತೋರಿಸಿತು. ಒಂದು ಚೀಟಿಯನ್ನು ತಪ್ಪು ರಾಶಿಗೆ ಸೇರಿಸಿದ್ದರಿಂದ ರೆಕ್ಸ್‌ನ ಬಾಲ್ಯದ ಬಗ್ಗೆ ಬರೆದದ್ದರಲ್ಲಿ ಎಷ್ಟನ್ನು ಈಗ ಪುನಃ ಬರೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಈ ತಿದ್ದುಪಡಿ ತಡವಾದುದಕ್ಕೆ ವಿದ್ವಾಂಸರ ಹಟವೊಂದೇ ಕಾರಣವಲ್ಲ. ಆ ಜೋಡಿ ಪಳೆಯುಳಿಕೆ ದೊರೆತದ್ದು 2006ರಲ್ಲಿ. ಖಾಸಗಿ ಸಂಗ್ರಾಹಕರ ಕೈಯಲ್ಲಿದ್ದ ಅದು 2013ರ ಹರಾಜಿನಲ್ಲಿ ಮಾರಾಟವಾಗದೆ ಉಳಿಯಿತು. ಪಳೆಯುಳಿಕೆಯು ಖನಿಜವೇ ಅಲ್ಲವೇ ಎಂಬ ಒಡೆತನದ ವ್ಯಾಜ್ಯ ಮೊಂಟಾನಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2020ರಲ್ಲಿ ಉತ್ತರ ಕೆರೊಲಿನಾದ ವಸ್ತುಸಂಗ್ರಹಾಲಯಕ್ಕೆ ಸೇರಿದ ಮೇಲಷ್ಟೇ ಸಮಗ್ರ ಅಧ್ಯಯನ ಸಾಧ್ಯವಾಯಿತು. ಮನೆಯ ಅಟ್ಟದಲ್ಲಿ ಓಲೆಕಟ್ಟುಗಳನ್ನಿಟ್ಟುಕೊಂಡು ತೋರಿಸಲೊಪ್ಪದವರ ಮುಂದೆ ನಿಂತ ಸಂಶೋಧಕರಿಗೆ ಈ ಹದಿನಾಲ್ಕು ವರ್ಷಗಳ ಭಾರವನ್ನು ವಿವರಿಸಬೇಕಾಗಿಲ್ಲ. ಬತಾರ್‌ನ ಅಸ್ಥಿಪಂಜರವೊಂದು 2012ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದಾಗ ಮಂಗೋಲಿಯ ಆಕ್ಷೇಪಿಸಿತು. ಅಮೆರಿಕ ಸರ್ಕಾರ ಆ ಅಸ್ಥಿಪಂಜರವನ್ನೇ ಪ್ರತಿವಾದಿಯಾಗಿಸಿ ದಾವೆ ಹೂಡಿ, 2013ರಲ್ಲಿ ಅದನ್ನು ತವರಿಗೆ ಮರಳಿಸಿತು. ನ್ಯಾಯಾಲಯದ ಕಡತದಲ್ಲೂ ಆ ಪ್ರತಿವಾದಿಯ ಹೆಸರು ತಪ್ಪು ಕಾಗುಣಿತದಲ್ಲೇ ಇದೆ.

ಅವಸರದ ನಾಮಕರಣವೂ ಇದೆ. 2022ರಲ್ಲಿ ಗ್ರೆಗರಿ ಪಾಲ್ ಮತ್ತು ಸಹಲೇಖಕರು ತೊಡೆಮೂಳೆಯ ದಪ್ಪ ಮತ್ತು ಹಲ್ಲುಗಳ ಆಧಾರದಲ್ಲಿ ರೆಕ್ಸ್‌ನಿಂದ ಇಂಪರೇಟರ್, ರೆಜೀನಾ ಎಂಬ ಎರಡು ಪ್ರಭೇದಗಳನ್ನು ಬೇರ್ಪಡಿಸಿದರು. ಆಧಾರ ಸಾಲದೆಂದು ಅದೇ ವರ್ಷ ಖಂಡನೆ ಬಂತು. ಚಕ್ರವರ್ತಿ, ರಾಣಿ ಎಂಬ ಅರ್ಥಗಳ ಆಕರ್ಷಣೆ ಸಾಕ್ಷ್ಯದ ಕೊರತೆಯನ್ನು ತುಂಬಿಕೊಡಲಾರದು. ಇದಕ್ಕೆ ಹೋಲಿಸಿದರೆ 2025ರ ಜೂನಿನಲ್ಲಿ ಪ್ರಕಟವಾದ ಖಾನ್‌ಖೂಲೂ ಮಂಗೋಲಿಯೆನ್ಸಿಸ್‌ನ ದಾರಿ ಹೆಚ್ಚು ನೆಚ್ಚಬಹುದಾದದ್ದು. 1970ರ ದಶಕದಲ್ಲಿ ದೊರೆತು, ಬೇರೊಂದು ಕುಲದ ಹೆಸರಿನಲ್ಲಿ ಉಲಾನ್‌ಬಾತರ್‌ನ ಸಂಗ್ರಹದಲ್ಲಿದ್ದ ಎಲುಬುಗಳನ್ನು ಮತ್ತೆ ಕೈಗೆತ್ತಿಕೊಂಡು ನೋಡಿದ್ದರಿಂದ, ದೈತ್ಯ ಟೈರನೊಸಾರ್‌ಗಳ ಪೂರ್ವಜರಿಗೆ ಸಮೀಪದ ಪ್ರಾಣಿಯೊಂದು ಗುರುತಾಯಿತು.

ಇಷ್ಟರ ಹಿನ್ನೆಲೆಯಲ್ಲಿ ಕನ್ನಡದ ವಿಜ್ಞಾನ ಬರವಣಿಗೆಯ ಒಂದು ರೂಢಿಯನ್ನು ಪ್ರಶ್ನಿಸಬೇಕಾಗುತ್ತದೆ. ಅದು ಶಾಸ್ತ್ರೀಯ ನಾಮವನ್ನು ಅನುವಾದಿಸುವ ಉತ್ಸಾಹ. ಟೈರನೊಸಾರಸ್ ರೆಕ್ಸ್ ಎಂದರೆ ದಬ್ಬಾಳಿಕೆಯ ಹಲ್ಲಿಗಳ ರಾಜ ಎಂದು ಒಮ್ಮೆ ಹೇಳುವುದರಲ್ಲಿ ದೋಷವಿಲ್ಲ. ಎಳೆಯ ಓದುಗರಿಗೆ ಅದು ರುಚಿಸುತ್ತದೆ. ಅದನ್ನೇ ಹೆಸರಾಗಿ ಬಳಸಿದರೆ ತೊಡಕು. ಮೊದಲನೆಯದಾಗಿ, ಡೈನೊಸಾರ್‌ಗಳು ಹಲ್ಲಿಗಳಲ್ಲ. ಅದಕ್ಕಿಂತ ಮುಖ್ಯವಾಗಿ, ಗುಜರಾತಿನ ಪಳೆಯುಳಿಕೆಗೆ 2003ರಲ್ಲಿ ಇಟ್ಟ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಹೆಸರನ್ನೂ ಹೀಗೆಯೇ ಅನುವಾದಿಸಿದರೆ ಅದೂ ರಾಜಹಲ್ಲಿಯೇ ಆಗುತ್ತದೆ. ಎರಡೂ ಬಂಧುಗಳೆಂದು ಓದುಗ ಭಾವಿಸಿದರೆ ತಪ್ಪು ಅವನದಲ್ಲ. ರಾಜಾಸಾರಸ್ ಸೇರುವುದು ಅಬೆಲಿಸಾರಿಡ್ ಎಂಬ ಬೇರೆಯೇ ಕುಟುಂಬಕ್ಕೆ. ಸಾರ್ಕಾಂಡ್ರ ಕುಲದ ಸಸ್ಯವೊಂದಕ್ಕೆ ಬಿ.ಜಿ.ಎಲ್. ಸ್ವಾಮಿ ಅವರು ತಮ್ಮ ಹಾರ್ವರ್ಡ್ ಗುರು ಇರ್ವಿಂಗ್ ಬೈಲಿಯವರ ಹೆಸರಿಟ್ಟರು. ಅದನ್ನು ಅನುವಾದಿಸುವವರು ಏನೆಂದು ಅನುವಾದಿಸುತ್ತಾರೆ?

ಲಿಪ್ಯಂತರದಲ್ಲೂ ಶಿಸ್ತು ಬೇಕು. ಒಂದೇ ಪ್ರಾಣಿ ಟೈರನೊಸಾರಸ್, ಟಿರಾನೊಸಾರಸ್, ಟೈರನ್ನೋಸಾರಸ್ ಎಂದು ಪುಟಕ್ಕೊಂದು ವೇಷ ಹಾಕಿದರೆ ಪದಕೋಶದಲ್ಲಿ ಹುಡುಕುವುದೆಲ್ಲಿ? 'ಟಿ. ರೆಕ್ಸ್' ಎಂಬುದಂತೂ ಯಾರೋ ನಿವೃತ್ತ ಮುಖ್ಯೋಪಾಧ್ಯಾಯರ ಹೆಸರಿನಂತೆ ಕೇಳಿಸುತ್ತದೆ. ಪಠ್ಯಪುಸ್ತಕವಾಗಲಿ ವಿಶ್ವಕೋಶವಾಗಲಿ, ಕುಲ ಮತ್ತು ಪ್ರಭೇದ ಎರಡನ್ನೂ ಒಂದೇ ನಿಶ್ಚಿತ ರೂಪದಲ್ಲಿ ಕೊಟ್ಟು, ಹೆಸರಿಟ್ಟವರನ್ನೂ ವರ್ಷವನ್ನೂ ಜೊತೆಗೆ ದಾಖಲಿಸಿದರೆ ಹೆಸರಿನ ಹಿಂದೆ ಒಂದು ತೀರ್ಮಾನವಿದೆ ಎಂಬುದು ಓದುಗನಿಗೆ ಕಾಣುತ್ತದೆ. ಜೇನ್‌ನ ನಮೂದು ಹೀಗಿರಬಹುದು: 2001ರಲ್ಲಿ ದೊರೆತದ್ದು, 2025ರವರೆಗೆ ಹಲವರ ಮತದಂತೆ ರೆಕ್ಸ್‌ನ ಮರಿ, 2025ರಲ್ಲಿ ಜ್ಯಾನೊ ಮತ್ತು ನೆಪೋಲಿ ಅವರಿಂದ ನ್ಯಾನೊಟಿರಾನಸ್ ಲೀಥಿಯಸ್. ಬತಾರ್‌ನ ನಮೂದಿನಲ್ಲಿ ಬಾತರ್, ಬಹಾದ್ದೂರ್ ಎರಡನ್ನೂ ಹೇಳಬಹುದು, ಹೇಳಲೂಬೇಕು. ಆದರೆ ಶಿರೋನಾಮದಲ್ಲಿ ದೀರ್ಘವು ಮಲೇವ್ ಅವರು ಇಟ್ಟಲ್ಲಿಯೇ ಇರಲಿ.