ವಿದ್ಯಾರ್ಥಿಯ ನಿದ್ರೆಗೆ ಹೊಣೆ ಯಾರು?

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರವು ನಾಲ್ಕನೆಯ ತರಗತಿಯವರೆಗಿನ ಪಾಠಗಳು ಬೆಳಿಗ್ಗೆ 9ಕ್ಕೆ ಮುಂಚೆ ಆರಂಭವಾಗಬಾರದೆಂದು ಆದೇಶಿಸಿತು. ಮಕ್ಕಳಿಗೆ ನಿದ್ರೆ ಸಾಲುತ್ತಿಲ್ಲವೆಂಬುದು ಅದಕ್ಕೆ ನೀಡಿದ ಮುಖ್ಯ ಕಾರಣಗಳಲ್ಲೊಂದು. ಕ್ರಮ ಸ್ವಾಗತಾರ್ಹವೇ. ಆದರೆ ಆ ಕಾಳಜಿ ಕಾಲೇಜಿನ ಹೊಸ್ತಿಲನ್ನು ಮುಟ್ಟಲಿಲ್ಲ. ಮುಂಬಯಿಯ ಹಲವು ಕಾಲೇಜುಗಳಲ್ಲಿ ಮೊದಲ ಪಾಠ ಇಂದಿಗೂ 7ರ ಸುಮಾರಿಗೆ. ಡೊಂಬಿವಲಿ, ವಸಾಯಿಗಳಿಂದ ದಕ್ಷಿಣ ಮುಂಬಯಿಗೆ ಹೋಗುವ ವಿದ್ಯಾರ್ಥಿ ಐದಕ್ಕೆ ಮೊದಲೇ ಎದ್ದು ಲೋಕಲ್ ರೈಲು ಹಿಡಿಯಬೇಕು.

ದೇಹಧರ್ಮ ಹೇಳುವುದು ಬೇರೆ. ಹದಿಹರೆಯದಲ್ಲಿ ದೇಹದೊಳಗಿನ ಗಡಿಯಾರ ತಡವಾಗಿ ನಡೆಯತೊಡಗುತ್ತದೆ. ನಿದ್ರೆಯನ್ನು ಕರೆತರುವ ಮೆಲಟೋನಿನ್ ರಾತ್ರಿ ತಡವಾಗಿಯೇ ಸ್ರವಿಸುತ್ತದೆ. 20ರ ಆಸುಪಾಸಿನಲ್ಲಿ ಈ ವಿಳಂಬ ಅತಿ ಹೆಚ್ಚು. ಆ ವಯಸ್ಸಿನವರಿಗೆ 7ರಿಂದ 9 ಗಂಟೆಗಳ ನಿದ್ರೆ ಬೇಕು. ಓದಿದ್ದು ನೆನಪಿನಲ್ಲಿ ಬೇರೂರುವುದೂ ನಿದ್ರೆಯಲ್ಲಿಯೇ. ಹೀಗಿರುವಾಗ ತಡವಾಗಿ ಏಳುವ ಮಕ್ಕಳನ್ನು ಸೋಮಾರಿಗಳೆಂದು ಜರೆಯುವುದು ನ್ಯಾಯವಲ್ಲ.

ಹಾಗೆಂದು ಎಲ್ಲವನ್ನೂ ದೇಹದ ಮೇಲೆ ಹೊರಿಸುವಂತಿಲ್ಲ. ಸಂಜೆ ಕುಡಿದ ಕಾಫಿಯ ಕೆಫೀನ್ ಸುಮಾರು 5 ಗಂಟೆಗಳ ಬಳಿಕವೂ ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ. ಹಾಸಿಗೆಯಲ್ಲಿನ ಮೊಬೈಲು ತಡವಾದ ನಿದ್ರೆಯನ್ನು ಇನ್ನಷ್ಟು ತಡಮಾಡುತ್ತದೆ. ರಜೆಯ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲಿಗೆ ಮೈಯೊಡ್ಡುವುದು, ಮಲಗುವ ಕೋಣೆಯ ಹೊರಗೆ ಮೊಬೈಲನ್ನು ಇಡುವುದು ಖರ್ಚಿಲ್ಲದ ಉಪಾಯಗಳು.

ಇಲ್ಲಿ ಸಮಾಜದ ಪಾಲೂ ಇದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡುವ ನಿಯಮ ರೂಪುಗೊಂಡದ್ದು ದೀಪವಾರಿಸಿ ಬೇಗ ಮಲಗುತ್ತಿದ್ದ ಕಾಲದಲ್ಲಿ. ಇಂದು ಊಟದ ಹೊತ್ತನ್ನು ಉಳಿಸಿಕೊಂಡು ಮಲಗುವ ಹೊತ್ತನ್ನು ಬಿಟ್ಟುಕೊಟ್ಟಿದ್ದೇವೆ. ಆರಕ್ಕೆ ಉಂಡು ಒಂದರವರೆಗೆ ಓದುವ ವಿದ್ಯಾರ್ಥಿ ಹಸಿದ ಹೊಟ್ಟೆಯಲ್ಲಿ ಹೊರಳಾಡುತ್ತಾನೆ. ಇಲ್ಲವೇ ಯಾರಿಗೂ ಹೇಳದೆ ನಿಯಮ ಮುರಿದು ಅಪರಾಧಭಾವದಿಂದ ಕುಗ್ಗುತ್ತಾನೆ. ನಿಯಮ ಪಾಲಿಸಬೇಕೆನ್ನುವ ಹಿರಿಯರು ಅದಕ್ಕೊಪ್ಪುವ ದಿನಚರಿಯನ್ನೂ ಕಟ್ಟಿಕೊಡಬೇಕು. ಸಮಾಜದ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿ ಹತ್ತೂವರೆಯ ಬಳಿಕ ಮೌನ ನೆಲೆಸಲಿ. ಮನೆಯಲ್ಲಿ ದೂರದರ್ಶನದ ಸದ್ದು ಅದಕ್ಕೂ ಮುಂಚೆ ಅಡಗಲಿ.

ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸಬೇಕಾದ ಇಕ್ಕಟ್ಟನ್ನು ಕಾಲೇಜುಗಳು ಮುಂದಿಡುತ್ತವೆ. ಅದು ನಿಜವಾದ ತೊಡಕು. ಆದರೂ ದೂರದಿಂದ ಬರುವವರಿಗೆ ನಂತರದ ಪಾಳಿಯಲ್ಲಿ ಆದ್ಯತೆ ನೀಡಲು ಹೊಸ ಕಟ್ಟಡ ಬೇಕಿಲ್ಲ. ಆಡಳಿತ ಮಂಡಳಿಗಳಲ್ಲಿರುವ ಸಮಾಜದ ಹಿರಿಯರು ಮುಂದಿನ ಪ್ರವೇಶದ ವೇಳೆಗೆ ಇಷ್ಟನ್ನಾದರೂ ಮಾಡಿಸಲಿ. ಅಂಕಪಟ್ಟಿಗೆ ಸನ್ಮಾನ ಮಾಡುವ ಸಮಾಜ, ಆ ಅಂಕಗಳಿಗಾಗಿ ಮಕ್ಕಳು ತೆತ್ತ ನಿದ್ರೆಯ ಲೆಕ್ಕವನ್ನೂ ಕೇಳಬೇಕು.