ಅಜ್ಜಿಗೆ ಏನು ಮಾಡಿಕೊಡಲಿ?

ಮಾನ್ವಿಯಿಂದ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರ ಈ ವಾರ ನಮ್ಮ ಮುಂದಿದೆ. 'ನಮ್ಮ ಅಜ್ಜಿ ಕೌದಿ ಹೊಲಿಯುತ್ತಾಳೆ, ಕಸೂತಿ ಹಾಕುತ್ತಾಳೆ, ಅಂಗಳದ ತುಂಬ ರಂಗೋಲಿ ಬಿಡಿಸುತ್ತಾಳೆ. ಈ ಬೇಸಿಗೆ ರಜೆಯಲ್ಲಿ ಆಕೆಗೆ ನಾನೇ ಕೈಯಾರೆ ಏನಾದರೂ ಮಾಡಿಕೊಡಬೇಕು. ಆದರೆ ನನಗಿಂತ ಚೆನ್ನಾಗಿ ಎಲ್ಲವನ್ನೂ ಆಕೆಯೇ ಮಾಡುತ್ತಾಳೆ. ಏನು ಮಾಡಿಕೊಡಲಿ?' ಅದೇ ಪತ್ರದ ಕೆಳಗೆ ಬೇರೆ ಕೈಬರಹದಲ್ಲಿ ತಂದೆಯ ಎರಡು ಸಾಲು: 'ಬರುವ ವರ್ಷ ಎಸ್ಸೆಸ್ಸೆಲ್ಸಿ. ಇಂಥದ್ದಕ್ಕೆಲ್ಲ ಸಮಯ ಎಲ್ಲಿದೆ ಎಂದು ತಾವೇ ತಿಳಿಹೇಳಬೇಕು.'

ಇಬ್ಬರಿಗೂ ಉತ್ತರ ಹೇಳಬೇಕಾಗಿದೆ. ಮೊದಲು ಮಗಳಿಗೆ.

ಕಲಾವಂತರಿಗೆ ಕೊಡುವ ಉಡುಗೊರೆ ಅವರ ಕಲೆಯ ಜೊತೆ ಸ್ಪರ್ಧೆಗೆ ಇಳಿಯಬಾರದು, ಆ ಕಲೆಗೆ ನೆರವಾಗಬೇಕು. ಆದ್ದರಿಂದ ಯೋಜನೆಯ ಮೊದಲ ವಾರ ಕತ್ತರಿ, ಬಟ್ಟೆ ಯಾವುದನ್ನೂ ಮುಟ್ಟಬೇಡ. ಅಜ್ಜಿ ಕೆಲಸಕ್ಕೆ ಕುಳಿತಾಗ ಪಕ್ಕದಲ್ಲಿ ಕುಳಿತು ನೋಡು. ಅವರಿಗೆ ಎಲ್ಲಿ ತೊಡಕಾಗುತ್ತದೆ? ಕೌದಿ ಹೊಲಿಯುವ ಎಷ್ಟೋ ಹಿರಿಯರ ಕೈ ಇನ್ನೂ ಗಟ್ಟಿಯಾಗಿರುತ್ತದೆ, ಸೋತಿರುವುದು ಕಣ್ಣು. ಒಂದೊಂದು ಸಲ ದಾರ ಮುಗಿದಾಗಲೂ 'ಇಲ್ಲಿ ಬಾರವ್ವ, ಸೂಜಿ ಪೋಣಿಸಿಕೊಡು' ಎಂದು ಕರೆಯುತ್ತಾರೆ. ಮಕ್ಕಳು ಶಾಲೆಯಲ್ಲಿ, ಸೊಸೆ ಹೊಲದಲ್ಲಿ. ಕರೆದರೆ ಓಗೊಡುವವರಿಲ್ಲ. ಹೀಗೆ ಎಷ್ಟೋ ಕೌದಿಗಳು ಅರ್ಧಕ್ಕೆ ನಿಂತು ಗಂಟಿನಲ್ಲಿ ಸೇರಿಬಿಡುತ್ತವೆ.

ಹಾಗಾದರೆ ನೀನು ಮಾಡಬೇಕಾದದ್ದು ಒಂದು 'ಸೂಜಿ ಕೌದಿ'. ಹೆಸರು ನಾವೇ ಇಟ್ಟದ್ದು. ಒಂದು ಮೊಳ ಉದ್ದ, ಒಂದು ಗೇಣು ಅಗಲದ ಪುಟ್ಟ ಕೌದಿ. ಅದರಲ್ಲಿ ದಾರ ಪೋಣಿಸಿದ 20 ಸೂಜಿಗಳನ್ನು ಸಾಲಾಗಿ ಚುಚ್ಚಿಟ್ಟು, ಸುರುಳಿ ಸುತ್ತಿ, ಲಾಡಿ ಕಟ್ಟಿ ಕೊಡುವುದು. ಅಜ್ಜಿ ಯಾರನ್ನೂ ಕರೆಯದೆ ಒಂದು ಸೂಜಿ ಮುಗಿದರೆ ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ.

ಮಾಡುವ ಕ್ರಮ ಹೀಗಿದೆ. ಹೊರಬದಿಗೆ ಹಳೆಯ ಇಲಕಲ್ ಸೀರೆಯ ಸೆರಗಿನ ಅಥವಾ ದಡಿಯ ತುಂಡು, ನಡುವೆ ಹಳೆ ಧೋತರದ ಎರಡು ಮಡಿಕೆ, ಒಳಬದಿಗೆ ಕಡುನೀಲಿ ಇಲ್ಲವೇ ಕಪ್ಪು ಹತ್ತಿ ಬಟ್ಟೆ. ಒಳಗೆ ಗಾಢ ಬಣ್ಣ ಏಕೆಂದರೆ, ಹೊಳೆಯುವ ಸೂಜಿ ಅದರ ಮೇಲೆ ಎದ್ದು ಕಾಣುತ್ತದೆ. ಕೌದಿಗೆ ಹಳೆ ಬಟ್ಟೆ ಹಾಕುವುದು ಬಡತನಕ್ಕಷ್ಟೇ ಅಲ್ಲ. ಹತ್ತಾರು ಸಲ ಒಗೆದ ಹತ್ತಿ ಬಟ್ಟೆ ಮೆತ್ತಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ, ಮುಂದೆ ಒಗೆದಾಗ ಕುಗ್ಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಬೇಡ, ಜಾರುತ್ತವೆ. ನಾಲ್ಕೂ ಅಂಚು ಒಳಗೆ ಮಡಚಿ, ಅಂಚಿನಿಂದ ಒಳಮುಖವಾಗಿ ಒಂದರ ಪಕ್ಕ ಒಂದು ಸಾಲು ಹೊಲಿಗೆ ಹಾಕುತ್ತಾ ಹೋಗು. ಸಾಲು ಸೊಟ್ಟಗಾದರೆ ಬಿಚ್ಚಬೇಡ. ಮೊದಲ ಸಾಲು ಸೊಟ್ಟಗಿದ್ದು ಕೊನೆಯ ಸಾಲು ನೆಟ್ಟಗಾಗಿದ್ದರೆ, ಅಜ್ಜಿ ಅದನ್ನು ಬೆರಳಲ್ಲಿ ಸವರಿಯೇ ನೀನು ಕಲಿತದ್ದನ್ನು ತಿಳಿಯುತ್ತಾರೆ.

ದಾರ ಒಂದು ಮೊಳಕ್ಕಿಂತ ತುಸು ಹೆಚ್ಚಿರಲಿ. ಬಹಳ ಉದ್ದವಾದರೆ ಗಂಟು ಬೀಳುತ್ತದೆ. 10 ಸೂಜಿಗೆ ಬಿಳಿ, 10ಕ್ಕೆ ಕೆಂಪು. ಇನ್ನೊಂದು ಮುಖ್ಯ ಮಾತು: ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಸಂಜೆ ಸೂಜಿ ಎಣಿಸಲೇಬೇಕು. 20 ಇಟ್ಟಿದ್ದರೆ 20 ಇರಬೇಕು. ಮಳೆಗಾಲದಲ್ಲಿ ತುಕ್ಕು ಕಂಡ ಸೂಜಿಯನ್ನು ಬದಲಿಸು.

ಈ ಉಡುಗೊರೆ ಕೊಟ್ಟ ದಿನಕ್ಕೆ ಮುಗಿಯುವುದಿಲ್ಲ. ಪ್ರತಿ ಭಾನುವಾರ ಖಾಲಿಯಾದ ಸೂಜಿಗಳಿಗೆ ಮತ್ತೆ ದಾರ ಪೋಣಿಸಬೇಕು. ಹತ್ತು ನಿಮಿಷದ ಕೆಲಸ. ನಿಜವಾದ ಉಡುಗೊರೆ ಆ ಹತ್ತು ನಿಮಿಷವೇ.

ದೇವದುರ್ಗದ ಕಡೆಯ ತಾಂಡಾಗಳ ಮಕ್ಕಳು ಇದನ್ನೇ ತಮ್ಮ ಮನೆಗೆ ತಕ್ಕಂತೆ ಬದಲಿಸಬಹುದು. ಕಾಂಚಳಿ, ಫೇಟಿಯಾಗಳಿಗೆ ಕನ್ನಡಿ, ಕವಡೆ ಕೂರಿಸುವ ಹಿರಿಯರಿಗೆ ಬಿಲ್ಲೆಗಳನ್ನು ಅಳತೆಯಂತೆ ಬೇರ್ಪಡಿಸಿ ಇಡುವ ಐದಾರು ಜೇಬಿನ ಚೀಲ ಉಪಯೋಗಕ್ಕೆ ಬರುತ್ತದೆ. ರಾಯಚೂರು ನಗರದಲ್ಲಿರುವವರು ದರ್ಜಿ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಕೇಳಿ ತಂದು, ಬಣ್ಣವಾರು ವಿಂಗಡಿಸಿ ಕೊಡಬಹುದು. ಸೂಜಿ, ದಾರ ತೀನ್ ಕಂದೀಲ್ ಸುತ್ತಿನ ಬಜಾರಿನಲ್ಲಿ ಸಿಕ್ಕೇ ಸಿಗುತ್ತವೆ.

ಇನ್ನು ತಂದೆಯವರಿಗೆ. ಸ್ವಾಮಿ, ಲೆಕ್ಕ ಹಾಕೋಣ. ಆರು ವಾರ, ವಾರಕ್ಕೆ ಎರಡು ಗಂಟೆ. ಒಟ್ಟು 12 ಗಂಟೆ. ಮೊದಲ ವಾರ ನೋಡುವುದು, ಎರಡನೆಯದು ಬಟ್ಟೆ ಆರಿಸಿ ಒಗೆಯುವುದು, ಮೂರರಿಂದ ಐದರವರೆಗೆ ಹೊಲಿಗೆ, ಆರನೆಯದು ಲಾಡಿ, ಸೂಜಿ, ದಾರ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹಿಡಿದರೆ ಶಾಲೆ ತೆರೆಯುವ ಮೊದಲೇ ಕೆಲಸ ಕೈಬಿಡುತ್ತದೆ. ಕಾರಹುಣ್ಣಿಮೆಗೆ ಮನೆಮಂದಿಯೆಲ್ಲ ಸೇರಿದಾಗ ಅಜ್ಜಿಯ ಕೈಗೆ ಕೊಡಬಹುದು.

ಇದರಲ್ಲಿ ಪಾಠ ಇಲ್ಲವೆಂದು ತಿಳಿಯಬೇಡಿ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ, ನೇಯ್ಗೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತುಳಸಿಕಟ್ಟೆ, ಆನೆ, ತೇರು ಎಲ್ಲ ಮೂಡುತ್ತವೆ. ಗವಂತಿಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಬಿಟ್ಟದ್ದನ್ನು ತುಂಬುವುದರಿಂದ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಅದನ್ನು ಗಣಿತದ ಗ್ರಾಫ್ ಹಾಳೆಯ ಮೇಲೆ ಬರೆಸಿ ನೋಡಿ. ರಂಗೋಲಿಯೂ ಹಾಗೆಯೇ. 7ರಿಂದ 4ರವರೆಗಿನ ಸಂದು ಚುಕ್ಕಿ ಎಂದರೆ ನಡುವೆ 7, ಮೇಲೆ ಕೆಳಗೆ 6, 5, 4. ಒಟ್ಟು ಚುಕ್ಕಿ ಎಷ್ಟು? 37. ಸುತ್ತ ಮೂಡುವುದು ಷಟ್ಕೋನ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದನ್ನು ನಸುಕಿನಲ್ಲಿ, ಅಳತೆಪಟ್ಟಿಯಿಲ್ಲದೆ ಹಾಕುತ್ತಾರೆ.

ತಾವೂ ಒಂದು ಕೆಲಸ ಮಾಡಬೇಕು. ತಾಯಿ ಸೂಜಿ ಪೋಣಿಸಲಾರೆ ಎಂದಾಗ 'ವಯಸ್ಸಾಯಿತು ಬಿಡು' ಎಂದು ಸುಮ್ಮನಾಗಬೇಡಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ, ಅದಕ್ಕೆ ಚಾಳೀಸು ಸಾಕು. ಕಣ್ಣಿನ ಪೊರೆಯಾಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಬಹುದು. ಸಕ್ಕರೆ ಕಾಯಿಲೆಯಿಂದಲೂ ಕಣ್ಣು ಕೆಡುತ್ತದೆ, ಅದಕ್ಕೆ ತಡಮಾಡಬಾರದು. ಯಾವುದೆಂದು ಹೇಳಬೇಕಾದವರು ವೈದ್ಯರು. ಮಗಳು ಸೂಜಿ ಕೌದಿ ಹೊಲಿಯುವಷ್ಟರಲ್ಲಿ ತಾವು ತಾಯಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ದು ಬನ್ನಿ. ಎರಡೂ ಸೇರಿದರೆ ಉಡುಗೊರೆ ಪೂರ್ಣವಾಗುತ್ತದೆ.

ಕೊನೆಯದಾಗಿ, ಎಲ್ಲ ಮಕ್ಕಳಿಗೂ ಒಂದು ಸೂಚನೆ. ಸೂಜಿ ಕೌದಿಯ ಜೊತೆಗೆ 100 ಪುಟದ ಒಂದು ನೋಟ್‌ಬುಕ್ ಇಡಿ. ಅಜ್ಜಿಗೆ ಗೊತ್ತಿರುವ ರಂಗೋಲಿ, ಕಸೂತಿ ಚಿತ್ತಾರಗಳನ್ನು ದಿನಕ್ಕೊಂದರಂತೆ ಬರೆದುಕೊಳ್ಳಿ. ಪಕ್ಕದಲ್ಲಿ ಅದರ ಹೆಸರು, ಅವರು ಅದನ್ನು ಯಾರಿಂದ ಕಲಿತರು ಎಂಬುದೂ ಇರಲಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಚಿತ್ರ ಮಾತ್ರ ಉಳಿಯುತ್ತದೆ, ಯಾವ ಚುಕ್ಕಿಯಿಂದ ಗೆರೆ ಶುರುವಾಯಿತು ಎಂಬುದು ಉಳಿಯುವುದಿಲ್ಲ. ಅದು ಕೈಯಿಂದ ಕೈಗೇ ಬರಬೇಕು.

ಕೌದಿಯ ಮೇಲೆ ಹೊಲಿದವರ ಹೆಸರು ಇರುವುದು ಅಪರೂಪ. ಅದರ ಕೆಳಗೆ ಮಲಗಿ ಬೆಳೆದ ನಮಗೂ ಎಷ್ಟೋ ಸಲ ಅಜ್ಜಿಯ ಪೂರ್ಣ ಹೆಸರು, ಅವರ ತವರೂರು ಗೊತ್ತಿರುವುದಿಲ್ಲ. ಅಜ್ಜಿ, ಅಮ್ಮ, ಆಯಿ, ದಾದಿ ಎಂದು ಕರೆದೇ ಜೀವಮಾನ ಕಳೆದಿರುತ್ತೇವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವೆರಡನ್ನೂ ದೊಡ್ಡಕ್ಷರದಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ ಇವತ್ತೇ ಊಟಕ್ಕೆ ಕುಳಿತಾಗ ಕೇಳಿ. ಹೇಳುವವರು ಎದುರಿಗೇ ಇದ್ದಾರೆ.